ಹಸುವಿನ ಗುರುತಿತ್ತು, ಮನೆಯವರ ಹೆಸರು ಗೊತ್ತಿರಲಿಲ್ಲ

6 ವರ್ಷದ ಹಿಂದೆ, ಬೆಳಗಿನ ಜಾವ ನಾಲ್ಕೂವರೆಗೆ ಫೋನ್ ಬಂತು. "ಡಾಕ್ಟ್ರೇ, ನಾನು ಜಯಮ್ಮ. ಹಸು ರಾತ್ರಿಯಿಂದ ನೋವು ತಿಂತಾ ಇದೆ. ಕರುವಿನ ಒಂದೇ ಕಾಲು ಕಾಣ್ತಿದೆ. ಬೇಗ ಬನ್ನಿ." ಅಷ್ಟರಲ್ಲಿ ಸಿಗ್ನಲ್ ಹೋಯಿತು. ತಿರುಗಿ ಮಾಡಿದರೆ ಸಿಗಲಿಲ್ಲ.

ನಾನು ಬೇಲೂರು ತಾಲ್ಲೂಕಿನಲ್ಲಿ ಪಶುವೈದ್ಯಕೀಯ ಪರೀಕ್ಷಕ. ಹಳ್ಳಿಯವರಿಗೆ ನಾವೆಲ್ಲ 'ಡಾಕ್ಟ್ರು'. ಬೈಕ್ ಹತ್ತಿ ಹೋಗಿ ಡೇರಿ ಪಕ್ಕದ ಜಯಮ್ಮನವರ ಬಾಗಿಲು ತಟ್ಟಿದೆ. ಅವರ ಹಸು ಆರಾಮಾಗಿ ಮೆಲುಕು ಹಾಕುತ್ತಿತ್ತು. ಆ ಊರಿನಲ್ಲಿ ಜಯಮ್ಮ ಅನ್ನುವವರು ಐದು ಜನ ಇದ್ದರು. ಫೋನ್ ಮಾಡಿದವರು ಕೆರೆ ಏರಿ ಕೆಳಗಿನ ಮನೆಯವರು. ಮೂರು ವರ್ಷದಿಂದ ಅವರ ಕೊಟ್ಟಿಗೆಗೆ ಹೋಗಿ ಬರುತ್ತಿದ್ದೆ. ಅವರ ಹೆಸರು ಜಯಮ್ಮ ಅಂತ ನನಗೆ ಗೊತ್ತೇ ಇರಲಿಲ್ಲ. ವಿಚಾರಿಸಿಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಹಸು ಉಳಿಯಿತು, ಕರು ಉಳಿಯಲಿಲ್ಲ. ಬೇಗ ಹೋಗಿದ್ದರೂ ಉಳಿಯುತ್ತಿತ್ತೋ ಇಲ್ಲವೋ, ಹೇಳಲಾರೆ. ಅವರು ಒಂದು ಮಾತೂ ಆಡದೆ ಕೈ ತೊಳೆಯಲು ಬಿಸಿನೀರು ಕೊಟ್ಟರು. ಆ ಬಿಸಿನೀರು ಇವತ್ತಿಗೂ ನೆನಪಿದೆ.

ನನ್ನ ನೆನಪಿನ ಶಕ್ತಿಯೇನೂ ಕಡಿಮೆ ಇರಲಿಲ್ಲ. ಹಸು ಕಂಡರೆ ಸಾಕು, ಅದು ಯಾವಾಗ ಬೆದೆಗೆ ಬಂದಿತ್ತು, ಯಾವ ಮೊಲೆಗೆ ಕೆಚ್ಚಲು ಬಾವು ಆಗಿತ್ತು, ಎಲ್ಲಾ ಹೇಳುತ್ತಿದ್ದೆ. ಮನೆಯವರ ಹೆಸರನ್ನು ಮಾತ್ರ ನಾನು ಯಾವತ್ತೂ ಕೇಳಿಯೇ ಇರಲಿಲ್ಲ. ಕೇಳುವ ಅಗತ್ಯವೇ ಬೀಳುವುದಿಲ್ಲ, ಅಲ್ವಾ? ಅಮ್ಮ, ಅಕ್ಕ, ಯಜಮಾನ್ರೇ, ಗೌಡ್ರೇ ಅಂದರೆ ಮಾತು ಸಾಗುತ್ತದೆ. ಅದರಲ್ಲಿ ಪ್ರೀತಿಯೂ ಇದೆ, ಮರ್ಯಾದೆಯೂ ಇದೆ. ಹೆಸರು ಗೊತ್ತಿಲ್ಲದೆ ಹತ್ತು ವರ್ಷ ಕಳೆಯಲು ದಾರಿಯೂ ಇದೆ.

ಹೆಂಗಸರ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ಹುಲ್ಲು ತರುವವರು, ಹಾಲು ಕರೆಯುವವರು, ಹಸು ಮೇವು ಬಿಟ್ಟರೆ ಮೊದಲು ಗಮನಿಸುವವರು ಅವರೇ. ನನ್ನ ಪುಸ್ತಕದಲ್ಲಿ ಮಾತ್ರ ಎಲ್ಲಾ ಗಂಡಂದಿರ ಹೆಸರು. ಹಸುವಿನ ಕಿವಿಯಲ್ಲಿ 12 ಅಂಕಿಯ ಓಲೆ ಇರುತ್ತದೆ, ಅದನ್ನು ತಪ್ಪದೆ ಬರೆದುಕೊಳ್ಳುತ್ತಿದ್ದೆ. ಹಗ್ಗ ಹಿಡಿದು ನಿಂತವರನ್ನು ಬರೆದುಕೊಂಡಿರಲಿಲ್ಲ. ಆ ವಾರದಿಂದಲೇ ಕೇಳಲು ಶುರು ಮಾಡಿದೆ. "ಅಕ್ಕ, ನಿಮ್ಮ ಹೆಸರು?" ಅಂದರೆ ಎಷ್ಟೋ ಜನ ಮೊದಲು ಯಜಮಾನರ ಹೆಸರು ಹೇಳಿದರು. "ಅದಲ್ಲ, ನಿಮ್ದು" ಅಂದಾಗ ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ ನೆಟ್ಟಗೆ ನಿಂತು ಹೇಳಿದರು.

ಕೇಳಿದರೂ ಮೊದಮೊದಲು ಉಳಿಯುತ್ತಿರಲಿಲ್ಲ. ಬೈಕ್ ಹತ್ತಿರ ಬರುವಷ್ಟರಲ್ಲಿ ಮರೆತಿರುತ್ತಿತ್ತು. ಹಾಸನದಲ್ಲಿ ಕಾಲೇಜು ಮೇಷ್ಟ್ರಾಗಿರುವ ನಮ್ಮ ಭಾವನ ಹತ್ತಿರ ಹೇಳಿಕೊಂಡೆ. ಅವರು ಮನಃಶಾಸ್ತ್ರ ಪಾಠ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ 1987ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಬಗ್ಗೆ ಹೇಳಿದರು. ಒಂದು ಮುಖ ತೋರಿಸಿ 'ಇವರು ಬೇಕರ್, ಬ್ರೆಡ್ ಮಾಡುವವರು' ಅಂದರೆ ಜನಕ್ಕೆ ನೆನಪಿರುತ್ತದೆ. 'ಇವರ ಹೆಸರು ಬೇಕರ್' ಅಂದರೆ ಅಷ್ಟಾಗಿ ನೆನಪಿರುವುದಿಲ್ಲ. ಪದ ಒಂದೇ. ಕಸುಬು ಅಂದಾಗ ಒಲೆ, ಹಿಟ್ಟು, ವಾಸನೆ ಎಲ್ಲಾ ಜೊತೆಗೆ ಬರುತ್ತವೆ. ಬರೀ ಹೆಸರಿನ ಜೊತೆ ಏನೂ ಬರುವುದಿಲ್ಲ. ನನ್ನ ಕಷ್ಟ ಇದೇ ಅಂತ ಆಗ ತಿಳಿಯಿತು.

ಮುಖಕ್ಕೂ ಹೆಸರಿಗೂ ವಿಚಿತ್ರ ಚಿತ್ರ ಕಟ್ಟಿಕೊಳ್ಳುವ ಉಪಾಯ ಕೆಲವರು ಹೇಳುತ್ತಾರೆ. ನನಗೆ ಅದು ಒಗ್ಗಲಿಲ್ಲ. ಎದುರಿಗಿರುವವರ ಮೂಗನ್ನೋ ಹಲ್ಲನ್ನೋ ಮನಸ್ಸಿನಲ್ಲೇ ಆಡಿಕೊಂಡ ಹಾಗಾಗುತ್ತದೆ. ನಾನು ಹೆಸರಿನ ಕಥೆ ಕೇಳುತ್ತೇನೆ. "ಯಾರಿಟ್ಟ ಹೆಸರು ಇದು?" ಇಷ್ಟೇ ಪ್ರಶ್ನೆ. ನಮ್ಮ ಕಡೆ ಹೆಸರಿನ ಹಿಂದೆ ಒಂದು ದೇವರೋ, ಬೆಟ್ಟವೋ, ಅಜ್ಜಿಯೋ ಇದ್ದೇ ಇರುತ್ತಾರೆ. ಮಲ್ಲೇಶ ಅಂದರೆ ಹಳೇಬೀಡಿನ ಹತ್ತಿರದ ಪುಷ್ಪಗಿರಿ ಮಲ್ಲಿಕಾರ್ಜುನನಿಗೆ ಹರಕೆ ಹೊತ್ತದ್ದು. ಸೌಮ್ಯ ಅಂದರೆ ಬೇಲೂರು ಗುಡಿಯ ಸೌಮ್ಯನಾಯಕಿ. ಮಂಜುನಾಥ ಅಂದರೆ ಧರ್ಮಸ್ಥಳಕ್ಕೆ ನಡೆದು ಹೋದ ಅಪ್ಪ. ಆ ಅಪ್ಪನ ಕಾಲಿನ ಬೊಕ್ಕೆಯ ಕಥೆ ಕೇಳಿದ ಮೇಲೆ ಮಗನ ಹೆಸರು ಮರೆಯುವುದು ಹೇಗೆ?

ಒಂದು ಎಚ್ಚರ ಮಾತ್ರ ಬೇಕು. "ಪೂರ್ತಿ ಹೆಸರೇನು?" ಅಂತ ನಾನು ಕೇಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಆ ಪ್ರಶ್ನೆ ಜಾತಿ ಕೇಳಿದ ಹಾಗೆ ಕೇಳಿಸುತ್ತದೆ. ಎಷ್ಟೋ ಜನಕ್ಕೆ ಅದರಿಂದ ನೋವಾಗಿದೆ. ಒಂದೇ ಹೆಸರಿನ ಗಂಡಸರು ಇದ್ದರೆ ಇನಿಷಿಯಲ್ ಕೇಳುತ್ತೇನೆ. ನಮ್ಮ ಕಡೆ ಎಷ್ಟೋ ಜನರಿಗೆ ಮೊದಲು ಊರು, ಆಮೇಲೆ ಅಪ್ಪನ ಹೆಸರು. ಎಚ್.ಡಿ. ದೇವೇಗೌಡರ ಎಚ್ ಹರದನಹಳ್ಳಿ, ಡಿ ದೊಡ್ಡೇಗೌಡ ಇದ್ದ ಹಾಗೆ.

ಹೆಸರು ಗೊತ್ತಾದ ಕೂಡಲೇ ಬಾಯಲ್ಲಿ ಬಳಸಬೇಕು. ದೊಡ್ಡವರನ್ನು ಬರೀ ಹೆಸರಿನಿಂದ ಕರೆಯಲು ಆಗುವುದಿಲ್ಲ, ಆದ್ದರಿಂದ ಎರಡನ್ನೂ ಸೇರಿಸುತ್ತೇನೆ. ಮಲ್ಲೇಶಣ್ಣ, ಪುಟ್ಟಮ್ಮಕ್ಕ, ಜಯಮ್ಮನವರೇ. "ಪುಟ್ಟಮ್ಮಕ್ಕ, ಮೂಗುದಾರ ಗಟ್ಟಿ ಹಿಡ್ಕೊಳ್ಳಿ." ಕೆಲಸ ಮಾಡುತ್ತಲೇ ಎರಡು ಸಲ ಅಂದರೆ ಸಾಕು.

ಆಮೇಲಿನದು ಬಿಟ್ಟು ಬಿಟ್ಟು ನೆನೆಸಿಕೊಳ್ಳುವುದು. ಲ್ಯಾಂಡಾವರ್ ಮತ್ತು ಬ್ಯೋರ್ಕ್ ಎಂಬಿಬ್ಬರು 1978ರಲ್ಲಿ ಹೆಸರು ಕಲಿಯುವುದರ ಬಗ್ಗೆಯೇ ಬರೆದಿದ್ದಾರೆ, ಇದನ್ನೂ ಭಾವನೇ ಹೇಳಿದ್ದು. ಮೊದಲು ಬೇಗ, ಆಮೇಲೆ ಅಂತರ ಹೆಚ್ಚಿಸುತ್ತಾ ನೆನಪು ಮಾಡಿಕೊಂಡರೆ ಹೆಸರು ಚೆನ್ನಾಗಿ ಉಳಿಯುತ್ತದೆ. ನಾನು ಬೈಕ್ ಸ್ಟಾರ್ಟ್ ಮಾಡುವ ಮೊದಲು ಒಮ್ಮೆ ನೆನೆಸಿಕೊಳ್ಳುತ್ತೇನೆ. ಸಂಜೆ ಪುಸ್ತಕ ಬರೆಯುವಾಗ ಮೊದಲು ನೆನೆಸಿಕೊಂಡು ಆಮೇಲೆ ನೋಡುತ್ತೇನೆ. ಸುಮ್ನೆ ಓದಿಕೊಂಡರೆ ಪ್ರಯೋಜನವಿಲ್ಲ, ತಲೆಯಿಂದ ಎಳೆದು ತೆಗೆಯಬೇಕು. ಮೂರು ದಿನ ಬಿಟ್ಟು ಮತ್ತೊಮ್ಮೆ. ಕಾಲುಬಾಯಿ ಜ್ವರದ ಲಸಿಕೆ 6 ತಿಂಗಳಿಗೊಮ್ಮೆ ಬರುವುದರಿಂದ ಅದೇ ನನಗೆ ದೊಡ್ಡ ಪರೀಕ್ಷೆ. ಗೇಟಿನ ಹೊರಗೆ ನಿಂತು ಹೆಸರು ಹೇಳಿಕೊಂಡೇ ಒಳಗೆ ಹೋಗುತ್ತೇನೆ.

ಹೊಳೆಯದಿದ್ದರೆ ಊಹೆ ಮಾಡುವುದಿಲ್ಲ. "ಅಕ್ಕ, ಬೇಜಾರು ಮಾಡ್ಕೋಬೇಡಿ, ಹೆಸರು ಮರೆತೆ" ಅಂದುಬಿಡುತ್ತೇನೆ. ಇದುವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ಹುಡುಗರ ಹೆಸರು ಈಗಲೂ ಕಷ್ಟ. ಹೊಸ ಹೆಸರುಗಳಿಗೆ ಊರಿನ ದೇವರ ಆಸರೆ ಇರುವುದಿಲ್ಲ. ತಾಯಂದಿರನ್ನು ಕೇಳಿದರೆ ಏನಾದರೂ ಎಳೆ ಸಿಗುತ್ತದೆ.

ಹೋದ ಸಲದ ಲಸಿಕೆಯಲ್ಲಿ ಕೆರೆ ಏರಿ ಕೆಳಗಿನ ಬೀದಿಯಲ್ಲಿ 23 ಮನೆ ಮಾಡಿದೆ. ಜಯಮ್ಮನವರ ಮನೆಯಲ್ಲಿ ಈಗ ಒಂದು ಹೆಣ್ಣುಗರು ಇದೆ. ಗೌರಿ ಅಂತ ಕೂಗುತ್ತಾರೆ. 23ರಲ್ಲಿ ಮೂರು ಮನೆಯವರ ಹೆಸರು ಮರೆತಿದ್ದೆ, ಕೇಳಿ ಬರೆದುಕೊಂಡಿದ್ದೇನೆ. ಮುಂದಿನ ಸಲ ಆ ಮೂರು ಮನೆಯಿಂದಲೇ ಶುರು ಮಾಡಬೇಕು.