ಬೀಜದ ಹೋರಿ ಇದೆ ಅಂತ ನಾಲ್ಕು ಊರಿಗೆ ತಿಳಿಸುವುದು ಹೇಗೆ?

ನಮ್ಮ ಹೋರಿಯ ಹೆಸರು ಮುತ್ತ. ಹಳ್ಳಿಕಾರ್ ತಳಿ. 2020ರ ಹೇಮಗಿರಿ ಜಾತ್ರೆಯಲ್ಲಿ ನಮ್ಮ ಮಾವ ತಂದಾಗ ಎರಡು ಹಲ್ಲು ಹಾಕಿತ್ತು (ಹಾಲುಹಲ್ಲು ಬಿದ್ದು ಬರುವ ಹೊಸ ಹಲ್ಲಿನಿಂದ ನಾವು ವಯಸ್ಸು ಎಣಿಸುತ್ತೇವೆ). ಪಾಂಡವಪುರದಿಂದ ಮೇಲುಕೋಟೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಹೋರಿಯನ್ನು ನೋಡಿಕೊಳ್ಳುವುದು ಮಾವ ಮತ್ತು ನಮ್ಮ ಯಜಮಾನರು. ಫೋನು, ಫೋಟೋ, ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂದಿವೆ. ಹೊರಗಿನ ಹಸುಗಳಿಗೆ ಹೋರಿ ಬಿಡಬೇಕು ಅಂದುಕೊಂಡವರು ಈಗ ಸುಮಾರು ಜನ ನನ್ನನ್ನು ಕೇಳುತ್ತಾರೆ, "ಅಕ್ಕಾ, ಜನಕ್ಕೆ ಹೆಂಗೆ ಗೊತ್ತು ಮಾಡೋದು?" ಅಂತ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಫೋಟೋ. ಎಲ್ಲರೂ ಮಾಡುವ ತಪ್ಪು ಇಲ್ಲೇ ಇದೆ. ಜಾತ್ರೆಯಲ್ಲಿ ತೆಗೆದ ಫೋಟೋ ಹಾಕಿಬಿಡುತ್ತಾರೆ. ಕೊಂಬಿಗೆ ಕಳಸ, ಬೆನ್ನಿಗೆ ಝೂಲ, ಕೊರಳ ತುಂಬ ಹೂವಿನ ಹಾರ. ನೋಡೋಕೆ ಚೆಂದ, ಆದರೆ ಹೋರಿಯೇ ಕಾಣುವುದಿಲ್ಲ. ಹಸು ಸಾಕಿದವರು ನೋಡಬೇಕಾದದ್ದು ಬೇರೆ. ಹಣೆ ಹೇಗಿದೆ, ಕೊಂಬು ಬುಡದಲ್ಲಿ ಹತ್ತಿರ ಇದ್ದು ಹಿಂದಕ್ಕೆ ಬಾಗಿದೆಯಾ, ಹಿಣಿಲು (ಬೆನ್ನ ಮೇಲಿನ ಡುಬ್ಬ) ಎಷ್ಟಿದೆ, ಗಂಗೆದೊಗಲು (ಕೊರಳ ಕೆಳಗೆ ಜೋತುಬೀಳುವ ಚರ್ಮ) ತೆಳುವಾಗಿದೆಯಾ, ಕಾಲು ನೆಟ್ಟಗಿದೆಯಾ, ಗೊರಸು ಕಪ್ಪಗಿದೆಯಾ. ಮೈ ಮೇಲೆ ಒಂದು ಹಗ್ಗವೂ ಜಾಸ್ತಿ ಇರಬಾರದು. ಮೂಗುದಾರ ಸಾಕು.

ನಾನು ಹೀಗೆ ತೆಗೆಯುತ್ತೇನೆ. ಹಿಂದಿನ ದಿನ ಮೈ ತೊಳೆಸುತ್ತೇವೆ. ಬೆಳಗ್ಗೆ ಏಳು ಗಂಟೆಯ ಬಿಸಿಲಿನಲ್ಲಿ, ಸೂರ್ಯ ನನ್ನ ಬೆನ್ನಿಗೆ ಬರುವಂತೆ ನಿಂತು, ಮುತ್ತನನ್ನು ಸಮನಾದ ನೆಲದಲ್ಲಿ ಅಡ್ಡಕ್ಕೆ ನಿಲ್ಲಿಸುತ್ತೇವೆ. ನಾಲ್ಕು ಕಾಲೂ ಕಾಣಬೇಕು. ಫೋನನ್ನು ಅವನ ಹೊಟ್ಟೆಯ ಎತ್ತರಕ್ಕೆ ಹಿಡಿಯಬೇಕು. ಮೇಲಿನಿಂದ ತೆಗೆದರೆ ಕಾಲು ಗಿಡ್ಡ ಕಾಣುತ್ತದೆ, ತೀರಾ ಕೆಳಗಿನಿಂದ ತೆಗೆದರೆ ಇಲ್ಲದ ಎತ್ತರ ಬರುತ್ತದೆ. ಫೋಟೋ ನೋಡಿ ಬಂದವರು ಎದುರಿಗೆ ನೋಡಿದಾಗ "ಇಷ್ಟೇನಾ" ಅನ್ನಬಾರದು ಅಲ್ವಾ?

ಫೋಟೋಗಿಂತ ಒಂದು ಪುಟ್ಟ ವಿಡಿಯೋ ಹೆಚ್ಚು ಕೆಲಸ ಮಾಡುತ್ತದೆ. ಕಳೆದ ಮಳೆಗಾಲದಲ್ಲಿ ಒಂದು ದಿನ ನಮ್ಮ ಹೊಲದ ಕೆಂಪು ಮಣ್ಣು ಆಗಷ್ಟೇ ನೆನೆದಿತ್ತು. ಮಾವ ಮುತ್ತನನ್ನು ಹಿಡಿದು ಸುಮ್ನೆ ಇಪ್ಪತ್ತು ಹೆಜ್ಜೆ ನಡೆಸಿದರು. ಅವನ ಮುಂಗಾಲು ಊರಿದ ಗುರುತಿನ ಮೇಲೇ ಹಿಂಗಾಲು ಬಂದು ಕೂರುತ್ತಿತ್ತು. ಎರಡು ಗೊರಸಿಗೆ ಒಂದೇ ಗುಳಿ. ನಾನು ಆ ಹೆಜ್ಜೆ ಗುರುತನ್ನೂ ಹತ್ತಿರದಿಂದ ತೋರಿಸಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಗಾಡಿ ಓಟಕ್ಕೆ ಎತ್ತು ಕಟ್ಟುವವರು ಅದೊಂದನ್ನು ನೋಡಿಯೇ ಹುಡುಕಿಕೊಂಡು ಬಂದರು. ಹಳ್ಳಿಕಾರ್ ದುಡಿಮೆಯ ತಳಿ. ನಡಿಗೆಯೇ ಅದರ ಬೆಲೆ.

ಅದಕ್ಕಿಂತಲೂ ದೊಡ್ಡ ಸಾಕ್ಷಿ ಕರುಗಳು. ಹೋರಿ ಎಷ್ಟೇ ಚೆನ್ನಾಗಿದ್ದರೂ ಅದು ಏನು ಹುಟ್ಟಿಸಿದೆ ಅನ್ನುವುದು ಮುಖ್ಯ. ಮುತ್ತನ ಕರುಗಳು ಆರು ತಿಂಗಳಾದಾಗ ನಾನು ಆ ಮನೆಗಳಿಗೆ ಹೋಗಿ, ಅವರನ್ನು ಕೇಳಿ, ತಾಯಿ ಹಸುವಿನ ಜೊತೆಗೇ ಕರುವಿನ ಫೋಟೋ ತೆಗೆದುಕೊಂಡು ಬರುತ್ತೇನೆ. ತಾಯಿ ಜೊತೆಗಿದ್ದರೆ ಮಾತ್ರ ಹೋರಿಯಿಂದ ಬಂದದ್ದು ಎಷ್ಟು ಅಂತ ಗೊತ್ತಾಗುತ್ತದೆ. ಚೆನ್ನಾಗಿರುವ ಒಂದು ಕರುವನ್ನು ಐದು ಸಲ ತೋರಿಸುವುದಕ್ಕಿಂತ ಐದು ಮನೆಯ ಐದು ಕರು ತೋರಿಸಿ. ಹೊಸ ಹೋರಿ, ಇನ್ನೂ ಕರು ಹುಟ್ಟಿಲ್ಲ ಅಂದರೆ ಅದರ ತಾಯಿಯ ಫೋಟೋ ಹಾಕಿ, "ಮೊದಲ ವರ್ಷ" ಅಂತ ಬರೆಯಿರಿ.

ಈಗ ಬರೆಯುವ ಮಾತು. ನಮ್ಮದು ಹೀಗಿದೆ:

"ಹಳ್ಳಿಕಾರ್ ಬೀಜದ ಹೋರಿ ಮುತ್ತ. ಬಾಯಿಗೂಡಿದೆ. ಸುಳಿ ಶುದ್ಧ. ಕಿವಿ ಓಲೆ ನಂಬರ್ ಇದೆ. ಕಾಲುಬಾಯಿ ಜ್ವರದ ಲಸಿಕೆ ಆಗಿದೆ. ಕಂದು ರೋಗದ ರಕ್ತ ಪರೀಕ್ಷೆ ಆಗಿದೆ, ಚೀಟಿ ತೋರಿಸುತ್ತೇವೆ. ಹಳ್ಳಿಕಾರ್ ಹಸುಗಳಿಗೆ ಮಾತ್ರ. ಎರಡು ಹಲ್ಲು ಹಾಕದ ಕಡಸಿಗೆ, ಕಂದು ಹಾಕಿದ ಹಸುವಿಗೆ ಬಿಡುವುದಿಲ್ಲ. ಬೆಳಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಬನ್ನಿ. ಹೊರಡುವ ಮೊದಲು ಫೋನ್ ಮಾಡಿ. ಸಾವಿರ ರೂಪಾಯಿ. ಗಬ್ಬ ನಿಲ್ಲದೆ 21 ದಿನಕ್ಕೆ ಮತ್ತೆ ಬೆದೆಗೆ ಬಂದರೆ ಇನ್ನೊಂದು ಸಲ ದುಡ್ಡಿಲ್ಲ."

ಬಾಯಿಗೂಡಿದೆ ಅಂದರೆ ಹೊಸ ಹಲ್ಲೆಲ್ಲ ಬಂದಿದೆ ಅಂತ. ಸುಳಿ ಶುದ್ಧ ಅಂದರೆ ಮೈಮೇಲಿನ ಕೂದಲ ಸುಳಿಯಲ್ಲಿ ದೋಷ ಇಲ್ಲ ಅಂತ. ಕಡಸು ಅಂದರೆ ಇನ್ನೂ ಕರು ಹಾಕದ ಎಳೆ ಹಸು, ಕಂದು ಹಾಕುವುದು ಅಂದರೆ ಗಬ್ಬ ಇಳಿಯುವುದು. ಈ ಜಾಹೀರಾತಿನಲ್ಲಿ "ಬಿಡುವುದಿಲ್ಲ" ಅನ್ನುವ ಸಾಲು ಬರೆಯೋಕೆ ಮಾವ ಮೊದಲು ಒಪ್ಪಲಿಲ್ಲ. ಮನೆ ಬಾಗಿಲಿಗೆ ಬಂದವರನ್ನು ವಾಪಸ್ ಕಳಿಸುವುದು ಅವರಿಗೆ ಆಗುವುದಿಲ್ಲ. ಮೊದಲ ವರ್ಷ "ಬಲವಾದ ಹೋರಿ ಇದೆ" ಅಂತಷ್ಟೇ ಬರೆದಿದ್ದೆವು. ಒಬ್ಬರು ಗೂಡ್ಸ್ ಆಟೋದಲ್ಲಿ ಒಂದು ಪುಟ್ಟ ಕಡಸನ್ನು ತಂದರು. ಇನ್ನೂ ಹಾಲುಹಲ್ಲು. ಅಷ್ಟು ದೂರದಿಂದ ಬಂದಿದ್ದಾರೆ ಅಂತ ಬಿಟ್ಟೆವು. ಮುತ್ತ ಹಾರಿದ ತಕ್ಷಣ ಅದರ ಹಿಂಗಾಲು ಮಡಚಿಕೊಂಡು ಕುಸಿಯಿತು. ಮಣ್ಣಿನಲ್ಲಿ ಕುಳಿತು ನನ್ನ ಕಡೆ ನೋಡಿದ ಆ ಕಣ್ಣು ನನಗೆ ಈಗಲೂ ನೆನಪಿದೆ. ಎದ್ದು ನಿಲ್ಲಲು ಅರ್ಧ ಗಂಟೆ ಬೇಕಾಯಿತು. ಗಬ್ಬ ನಿಂತಿದ್ದರೂ ಅಂಥ ಕಡಸಿಗೆ ಕರು ಹಾಕುವಾಗ ಜೀವಕ್ಕೇ ಕಷ್ಟ. ಆ ಸಂಜೆಯೇ ಮಾವ "ಬರೀವ್ವ, ಅದನ್ನೂ ಸೇರಿಸಿ ಬರಿ" ಅಂದರು.

ಕಂದು ರೋಗದ ವಿಚಾರ ಇನ್ನೂ ಗಟ್ಟಿಯಾಗಿ ಹೇಳಬೇಕು. ಡಾಕ್ಟರು ಇದನ್ನು ಬ್ರುಸೆಲ್ಲಾ ಅನ್ನುತ್ತಾರೆ. ಗಬ್ಬದ ಹಸು ತಿಂಗಳು ತುಂಬುವ ಮೊದಲೇ ಕಂದು ಹಾಕುತ್ತದೆ. ಮನುಷ್ಯರಿಗೂ ಹರಡುತ್ತದೆ. ಕಂದು ಬಿದ್ದ ಜಾಗವನ್ನು, ಸತ್ತೆಯನ್ನು (ಮಾಸನ್ನು) ಬರಿಗೈಯಲ್ಲಿ ಮುಟ್ಟಲೇಬಾರದು. ಇದರ ಲಸಿಕೆ ಹಾಕುವುದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಹೋರಿಗೆ ಹಾಕುವುದಿಲ್ಲ. ಹಾಗಾಗಿ ಹೋರಿಗೆ ಪರೀಕ್ಷೆ ಒಂದೇ ದಾರಿ. ಪಶು ಆಸ್ಪತ್ರೆಯಲ್ಲಿ ಹೇಳಿ ರಕ್ತ ಕೊಡಿಸಿ. ನಾವು ವರ್ಷಕ್ಕೊಮ್ಮೆ ಮಾಡಿಸುತ್ತೇವೆ. ಚೀಟಿಯನ್ನು ತಾರೀಖು ಕಾಣುವಂತೆ ಫೋಟೋ ತೆಗೆದು ಜಾಹೀರಾತಿನ ಜೊತೆಗೇ ಕಳಿಸುತ್ತೇನೆ. ನಾವು ಚೀಟಿ ತೋರಿಸಿದರೆ, "ನಿಮ್ಮ ಹಸು ಯಾವಾಗಲಾದರೂ ಕಂದು ಹಾಕಿತ್ತಾ?" ಅಂತ ಕೇಳೋಕೆ ನಮಗೂ ಮುಖ ಇರುತ್ತದೆ. ನೆಂಟರಾದರೂ ಕೇಳಿ. ಒಂದು ಹಸುವಿನಿಂದ ಹೋರಿಗೆ ರೋಗ ತಗುಲಿದರೆ ಆ ಹೋರಿಯ ಹತ್ತಿರ ಬರುವ ಮುಂದಿನ ಹಸುಗಳಿಗೂ ಅಪಾಯ.

ಬರೆಯಬಾರದ್ದೂ ಇವೆ. "ಗಂಡು ಕರು ಗ್ಯಾರಂಟಿ" ಅಂತ ಬರೆಯಬೇಡಿ, ಅದು ಯಾರ ಕೈಯಲ್ಲೂ ಇಲ್ಲ. ಹಾಲಿನ ಮಾತು ಎತ್ತಬೇಡಿ. ಬೇರೆಯವರ ಹೋರಿಯನ್ನು ಹಳಿದು ಬರೆಯಬೇಡಿ.

ಎಲ್ಲಿ ಹಾಕಬೇಕು? ಹಾಲಿನ ಡೈರಿ ಗೋಡೆಗೆ ಅಂಟಿಸಿದರೆ ಎಲ್ಲರೂ ನೋಡುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಡೈರಿಗೆ ಹಾಲು ಹಾಕುವವರ ಹತ್ತಿರ ಜಾಸ್ತಿ ಇರುವುದು ಸೀಮೆಹಸು. ಅವರು ಹೋರಿ ಬಿಡಿಸದೆ ಗಬ್ಬಕ್ಕೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸುತ್ತಾರೆ, ನಮ್ಮ ಹೋರಿ ಅವರಿಗೆ ಬೇಡ. ನಮಗೆ ನಿಜವಾಗಿ ಸಹಾಯ ಆದದ್ದು ಲಾಳ ಕಟ್ಟುವವರಿಂದ. ಯಾವ ಊರಿನ ಯಾವ ಮನೆಯಲ್ಲಿ ಹಳ್ಳಿಕಾರ್ ಕಟ್ಟಿದ್ದಾರೆ ಅನ್ನುವುದು ಅವರಿಗೆ ಬಾಯಿಪಾಠ. ಮುತ್ತನ ಫೋಟೋ ಇರುವ ಚೀಟಿ ನಾಲ್ಕು ಅವರ ಕೈಲಿ ಕೊಟ್ಟಿದ್ದೇನೆ. ಆಮೇಲೆ ಜಾತ್ರೆಗಳು: ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆ, ಆಮೇಲೆ ಹೇಮಗಿರಿ, ಶಿವರಾತ್ರಿ ಹೊತ್ತಿಗೆ ನಮ್ಮ ಬೇಬಿ ಬೆಟ್ಟ. ಅಲ್ಲಿ ಹೋರಿ ಬಿಡಿಸುವುದು ಬೇಡ, ಕಟ್ಟಿ ತೋರಿಸಿದರೆ ಸಾಕು. ನಂಬರ್ ಕೇಳಿದವರಿಗೆ ಅಲ್ಲೇ ಒಂದು ಮಿಸ್ಡ್ ಕಾಲ್ ಕೊಡಿಸಿಕೊಳ್ಳಿ.

ಫೋನ್ ಮಾಡಿದವರಿಗೆ ಉತ್ತರ ಸಿಗದಿದ್ದರೆ ಇಷ್ಟೆಲ್ಲ ಮಾಡಿಯೂ ಉಪಯೋಗವಿಲ್ಲ. ಬೆದೆ ಇರುವುದು ಒಂದು ದಿನವೂ ಅಲ್ಲ. "ಅಕ್ಕಾ, ಹಸ ಬೆದೆಗ್ ಬಂದೈತೆ, ಈಗ್ಲೇ ಹೊಡ್ಕೊಂಡ್ ಬರ್ಲಾ?" ಅಂತ ಬೆಳಗಿನ ಜಾವ ಐದಕ್ಕೂ ಕೇಳುತ್ತಾರೆ. ಯಾವಾಗ ಕಂಡಿತು, ಲೋಳೆ ತಿಳಿಯಾಗಿದೆಯಾ, ಬೇರೆ ಹಸು ಹತ್ತಿದರೆ ನಿಲ್ಲುತ್ತದೆಯಾ ಅಂತ ಕೇಳಿಕೊಂಡು ಹೊತ್ತು ಹೇಳುತ್ತೇನೆ. ವಾರಕ್ಕೆ ಎರಡು ಮೂರು ಹಸುಗಿಂತ ಹೆಚ್ಚು ಮುತ್ತನಿಗೆ ಬಿಡುವುದಿಲ್ಲ. ಎಳೆ ಹೋರಿಯಾದರೆ ವಾರಕ್ಕೆ ಒಂದು ಸಾಕು. ಅವನಿಗೆ ಜ್ವರವಿದ್ದರೆ, ಕುಂಟುತ್ತಿದ್ದರೆ "ಈ ವಾರ ಇಲ್ಲ" ಅಂತ ಅದೇ ದಿನ ಸ್ಟೇಟಸ್ ಬದಲಿಸುತ್ತೇನೆ. 2022ರಲ್ಲಿ ಚರ್ಮಗಂಟು ರೋಗ ಹರಡಿ ಜಾತ್ರೆ, ಸಂತೆ ನಿಲ್ಲಿಸಿದಾಗ ತಿಂಗಳುಗಟ್ಟಲೆ ಜಾಹೀರಾತನ್ನೇ ತೆಗೆದಿದ್ದೆವು.

ಕೊನೆಯದು ಪುಸ್ತಕ. ಬಂದ ಪ್ರತಿ ಹಸುವಿನ ತಾರೀಖು, ಊರು, ಕಿವಿ ಓಲೆಯ ಹನ್ನೆರಡು ಅಂಕಿ, 21 ದಿನಕ್ಕೆ ಏನಾಯಿತು, ಒಂಬತ್ತು ತಿಂಗಳು ಹತ್ತು ದಿನದ ಸುಮಾರಿಗೆ ಯಾವ ಕರು ಹಾಕಿತು, ಎಲ್ಲ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷದ ಜಾಹೀರಾತು ಇದರಲ್ಲೇ ಇರುತ್ತದೆ.

ಮೊನ್ನೆ ಒಬ್ಬ ಹುಡುಗ ಒಂದು ಚೆಂದದ ಕಡಸು ತಂದ. ನಾಲ್ಕು ಹಲ್ಲು, ಸರಿಯಾದ ಬೆದೆ. ಹಣೆ ನೋಡಿದ ತಕ್ಷಣ ನನಗೆ ಅನುಮಾನ ಬಂತು. ಪುಸ್ತಕ ತೆಗೆದು ಅದರ ತಾಯಿಯ ಓಲೆ ನಂಬರ್ ಹುಡುಕಿದೆ. 2021ರ ಪುಟದಲ್ಲಿ ಸಿಕ್ಕಿತು. ಮುತ್ತನ ಮಗಳೇ. ಕಡಸಿಗೆ ನೀರು ಕುಡಿಸಿ, ಹುಡುಗನಿಗೆ ಕಾಫಿ ಕೊಟ್ಟು, ಕೆ.ಆರ್. ಪೇಟೆ ಕಡೆ ಬೇರೆ ವಂಶದ ಹೋರಿ ಕಟ್ಟಿರುವವರ ನಂಬರ್ ಕೊಟ್ಟು ಕಳಿಸಿದೆವು. ಸಂಜೆಯೊಳಗೆ ತಲುಪಿದೆ ಅಂತ ಅಲ್ಲಿಂದಲೇ ಫೋನ್ ಮಾಡಿದ.