ಉಪಕಥೆ ಜಾಸ್ತಿಯಾದ ಕಾದಂಬರಿ ಮತ್ತೆ ಓದುವವರಿಗೆ

ಇಂಗ್ಲಿಷ್ ಹಾಸ್ಯ ಲೇಖಕ ವುಡ್‌ಹೌಸ್ ಬರೆದ ಕಾದಂಬರಿ ‘ಲೀವ್ ಇಟ್ ಟು ಸ್ಮಿತ್’ (1923) ಮೊದಲ ಸಲ ಓದಿದಾಗ ನನಗೆ ತಲೆ ಗಿರ್ ಅಂದಿತ್ತು. ಸ್ಮಿತ್ ಮತ್ತು ಈವ್ ಪ್ರೇಮಕಥೆ ಅಂತ ಕೂತರೆ ಕಳ್ಳರು, ಬೇರೆಯವರ ಹೆಸರಲ್ಲಿ ಬಂದ ಕವಿ, ದುಡ್ಡಿಗೆ ಪರದಾಡುವ ಮಗ, ಎಲ್ಲರ ಮೇಲೂ ಅನುಮಾನ ಪಡುವ ಸೆಕ್ರೆಟರಿ!

ಈ ಸಲ ಜನರನ್ನು ಬಿಟ್ಟು, ಕಥೆಯಲ್ಲಿ ಕೈಯಿಂದ ಕೈಗೆ ಹೋಗುವ ವಜ್ರದ ನೆಕ್ಲೇಸ್ ಹಿಂದೆ ಹೋದೆ. ಅದು ಯಾರಿಗೆ ಬೇಕು, ಯಾಕೆ ಬೇಕು, ಈಗ ಯಾರ ಕೈಯಲ್ಲಿದೆ? ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಇಷ್ಟೇ ಗುರುತು. ಲೈಬ್ರರಿ ಪುಸ್ತಕ ಆದರೆ ಚೀಟಿ ಇಡಿ, ಬೈಸಿಕೊಳ್ಳಬೇಡಿ. ನೆಕ್ಲೇಸ್ ಹೂಕುಂಡದೊಳಗೆ ಸೇರುತ್ತದಲ್ಲ, ಅಲ್ಲಿಗೆ ಎಲ್ಲ ಎಳೆಗಳೂ ಸೇರಿದವು. ನಡುರಾತ್ರಿ ಪೈಜಾಮದಲ್ಲಿ ಹೊರಗೆ ಸಿಕ್ಕಿಹಾಕಿಕೊಂಡ ಸೆಕ್ರೆಟರಿ ಬ್ಯಾಕ್ಸ್‌ಟರ್ ತನ್ನ ಯಜಮಾನರ ಕಿಟಕಿಯೊಳಗೆ ಕುಂಡ ಎಸೆಯುವುದು ಮೊದಲು ಸುಮ್ನೆ ತಮಾಷೆ ಅನಿಸಿತ್ತು. ಅವನು ಕುಂಡಗಳ ಹತ್ತಿರ ಯಾಕೆ ಬಂದ ಅನ್ನುವುದು ಈಗ ತಲೆಗೆ ಹೋಯಿತು.

ಗುರುತು ಬೀಳದ ಪುಟಗಳನ್ನು ಬೇಗ ಓಡಿಸಿ, ತಪ್ಪೇನಿಲ್ಲ. ಮಳೆಯಲ್ಲಿ ನಿಂತ ಈವ್‌ಗೆ ಸ್ಮಿತ್ ಇನ್ಯಾರದೋ ಕೊಡೆ ಎತ್ತಿಕೊಂಡು ಬಂದು ಕೊಡುವ ಜಾಗ ಮಾತ್ರ ಬಿಡಬೇಡಿ. ಅಲ್ಲಿ ನೆಕ್ಲೇಸ್ ಇಲ್ಲ, ಆದರೂ ನಾನು ಎರಡು ಸಲ ಓದಿದೆ.