ಕಡೆಯ ಬಿಗಿ ಕೊಡುವಾಗ ಕಾರು ಚಕ್ರದ ಮೇಲಿರಲಿ

ದೇವಿಮನೆ ಘಟ್ಟ ಇಳಿಯುವಾಗ ಅದು ಸರಿಯಾಗಿ ಕೇಳಿಸುತ್ತಿತ್ತು. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಎಡಗಡೆ ಮುಂದಿನ ಚಕ್ರದ ಹತ್ತಿರ ಟಕ್ ಅಂತ ಒಂದು ಪೆಟ್ಟು. ಬ್ರೇಕ್ ಬಿಟ್ಟರೆ ಇನ್ನೊಂದು. ನಮ್ಮದು 2004ರ ಮಾರುತಿ 800. ಸಿರಸಿ–ಕುಮಟಾ ರಸ್ತೆಗಿಂತ ಜಾಸ್ತಿ, ಮನೆಯಿಂದ ಡಾಂಬರು ರಸ್ತೆವರೆಗಿನ ಮಣ್ಣು ದಾರಿಯಲ್ಲೇ ಪೆಟ್ಟು ತಿಂದ ಕಾರು. ಒಂದು ಗ್ಯಾರೇಜಿನಲ್ಲಿ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದರು. ಎರಡೂ ಬದಲಾಯಿಸಿದೆ. ಶಬ್ದ ಹಾಗೇ ಇತ್ತು.

ಆಮೇಲೆ ನಾನೇ ಅಡಿಗೆ ನುಗ್ಗಿ ನೋಡಿದೆ. ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್‌ನ ಒಳತುದಿಯಲ್ಲಿ ಒಂದು ಬುಶ್ ಇರುತ್ತದೆ. ನಡುವೆ ಕಬ್ಬಿಣದ ಕೊಳವೆ, ಸುತ್ತ ರಬ್ಬರ್. ಸಣ್ಣ ಹಾರೆಯಿಂದ ಮೀಟಿದರೆ ಆರ್ಮ್ ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಸರಿಯಿತು. ರಬ್ಬರ್ ಸುತ್ತಲೂ ಸೀಳಿತ್ತು. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಜಗ್ಗುತ್ತದೆ, ಆರ್ಮ್ ಹೋಗಿ ಕಬ್ಬಿಣಕ್ಕೆ ಬಡಿಯುತ್ತದೆ. ಟಯರ್ ಒಳ ಅಂಚು ಬೇಗ ಸವೆದಿದ್ದೂ ಇದರಿಂದಲೇ ಇರಬೇಕು.

ಬಿಚ್ಚುವ ಮೊದಲು ಒಂದು ಮಾತು. ನಮ್ಮ ಕಡೆ ಅಂಗಳದಲ್ಲಿ ಚಿರೆಕಲ್ಲು ಬೇಕಾದಷ್ಟು ಬಿದ್ದಿರುತ್ತದೆ, ಜಾಕಿ ಎತ್ತಿ ಅದನ್ನೇ ಕಾರಿನಡಿಗೆ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಮಳೆ ತಿಂದ ಚಿರೆಕಲ್ಲು ಹೇಳದೆ ಕೇಳದೆ ಒಡೆಯುತ್ತದೆ. ಎರಡು ಜಾಕ್ ಸ್ಟ್ಯಾಂಡ್ ತನ್ನಿ, ಹಿಂದಿನ ಚಕ್ರಗಳಿಗೆ ಕಟ್ಟೆ ಕೊಡಿ. ಮುಂದಿನ ಎರಡೂ ಚಕ್ರ ಒಟ್ಟಿಗೆ ಎತ್ತಿದರೆ ಇನ್ನೂ ಒಳ್ಳೆಯದು. ಈ ಕಾರಿನಲ್ಲಿ ಸ್ಟೆಬಿಲೈಸರ್ ಬಾರ್‌ನ, ಅಂದರೆ ಎಡಬಲದ ಆರ್ಮ್‌ಗಳನ್ನು ಜೋಡಿಸುವ ಬಾಗಿದ ಕಬ್ಬಿಣದ ಸರಳಿನ, ತುದಿ ಆರ್ಮ್‌ಗೇ ಸಿಕ್ಕಿಸಿರುತ್ತದೆ. ಒಂದೇ ಚಕ್ರ ಎತ್ತಿದರೆ ಬಾರ್ ತಿರುಚಿಕೊಂಡು ನಿಂತು ಹೊರಗೆ ಬರುವುದೇ ಇಲ್ಲ.

ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ. ಆರ್ಮ್ ಹೊರಗೆ ಬಂತು. ಹಳೆ ಬುಶ್ ತೆಗೆಯಲು ಕೆಲವರು ರಬ್ಬರ್ ಸುಡುತ್ತಾರೆ. ಆ ಹೊಗೆ ಕುಡಿಯುವಂಥದ್ದಲ್ಲ. ನಾನು ಡ್ರಿಲ್ ಹಾಕಿ ರಬ್ಬರ್ ಸಡಿಲ ಮಾಡಿ, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ತೆಗೆದೆ. ಹೊಸದನ್ನು ವೈಸ್‌ನಲ್ಲಿ ಒತ್ತಿ ಕೂರಿಸಿದೆ. ಒಂದು ಕಡೆ ದೊಡ್ಡ ಸಾಕೆಟ್, ಇನ್ನೊಂದು ಕಡೆ ಬುಶ್‌ನ ಹೊರ ಅಂಚಿಗೆ ಸರಿಹೋಗುವ ಪೈಪ್ ತುಂಡು. ನಡುವಿನ ಕೊಳವೆಯ ಮೇಲೆ ಒತ್ತಿದರೆ ರಬ್ಬರ್ ಅಲ್ಲೇ ಹರಿಯುತ್ತದೆ. ಜಾರಲಿ ಅಂತ ಪಕ್ಕದ ಮನೆಯವರು ತೆಂಗಿನೆಣ್ಣೆ ತಂದುಕೊಟ್ಟರು. ನಾನು ಸಾಬೂನು ನೀರನ್ನೇ ಹಚ್ಚಿದೆ. ಎಣ್ಣೆ, ಗ್ರೀಸ್ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಸಾಬೂನು ನೀರು ಒಣಗಿ ಹೋಗುತ್ತದೆ.

ಎಲ್ಲ ಜೋಡಿಸಿ, ಬೋಲ್ಟ್ ಗಟ್ಟಿ ಬಿಗಿದು, ಕಾರು ಇಳಿಸಿದೆ. ಶಬ್ದ ಪೂರ್ತಿ ನಿಂತಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಅದೇ ಟಕ್.

ಹುಬ್ಬಳ್ಳಿಯಲ್ಲಿ ಗಾಡಿ ಕೆಲಸ ಮಾಡುವ ನಮ್ಮ ಭಾವನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ. "ಬೋಲ್ಟ್ ಬಿಗಿ ಮಾಡುವಾಗ ಕಾರು ಎಲ್ಲಿತ್ತು, ನೆಲದ ಮೇಲೋ ಜಾಕಿ ಮೇಲೋ?"

ಅಲ್ಲೇ ಇತ್ತು ತಪ್ಪು. ಈ ಬುಶ್ ಬಾಗಿಲ ಕೀಲಿನ ಹಾಗೆ ಜಾರಿ ತಿರುಗುವುದಿಲ್ಲ. ಬೋಲ್ಟ್ ಬಿಗಿದ ಮೇಲೆ ಒಳಗಿನ ಕೊಳವೆ ಕಾರಿನ ಮೈಗೆ ಕಚ್ಚಿ ನಿಲ್ಲುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದರೆ ರಬ್ಬರ್ ತಿರುಚಿಕೊಂಡೇ ಆಡಬೇಕು. ಬಿಗಿ ಮಾಡುವಾಗ ಆರ್ಮ್ ಎಲ್ಲಿತ್ತೋ ಆ ಜಾಗದಲ್ಲಿ ಮಾತ್ರ ರಬ್ಬರ್‌ಗೆ ಆರಾಮ. ನಾನು ಚಕ್ರ ಜೋತು ಬಿದ್ದಾಗ ಬಿಗಿದಿದ್ದೆ. ಹಾಗಾಗಿ ಕಾರು ಸುಮ್ನೆ ಅಂಗಳದಲ್ಲಿ ನಿಂತಿದ್ದಾಗಲೂ ರಬ್ಬರ್ ಹಗಲು ರಾತ್ರಿ ತಿರುಚಿಕೊಂಡೇ ಇತ್ತು. ಅದರ ಮೇಲೆ ಹೊಂಡದ ಪೆಟ್ಟು ಬೇರೆ. ಹರಿಯದೆ ಇನ್ನೇನಾದೀತು?

ಎರಡನೇ ಸಲ ಮೊದಲೇ ಅಳತೆ ಮಾಡಿದೆ. ಸಮ ನೆಲದಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಎಷ್ಟು ದೂರ ಅಂತ ಟೇಪ್ ಹಿಡಿದು, ಗೋಡೆ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟೆ. ಬುಶ್ ಹಾಕಿ, ಆರ್ಮ್‌ನ ಬೋಲ್ಟ್ ಕೈಬಿಗಿಯಷ್ಟೇ ಮಾಡಿ ಬಿಟ್ಟೆ. ಆಮೇಲೆ ಮುಂದಿನ ಎರಡು ಚಕ್ರಗಳ ಅಡಿಗೂ ಅಗಲದ ಹಳೆ ಮತ್ತಿ ಮರದ ಹಲಗೆ ಜೋಡಿಸಿ ಕಾರು ಇಳಿಸಿದೆ. ಬಾನೆಟ್ ಮೇಲೆ ಕೈಯಿಟ್ಟು ನಾಲ್ಕು ಸಲ ಅದುಮಿ ಬಿಟ್ಟೆ, ಎಲ್ಲ ತನ್ನ ಜಾಗಕ್ಕೆ ಬಂದು ಕೂರಲಿ ಅಂತ. ಅಳತೆ ಗೋಡೆ ಮೇಲಿನ ಲೆಕ್ಕಕ್ಕೆ ಸರಿಯಾಯಿತು. ಆಗ ಅಡಿಗೆ ತೂರಿ ಕಡೆಯ ಬಿಗಿ ಕೊಟ್ಟೆ. ಜಾಗ ಇಕ್ಕಟ್ಟು, ಸ್ಪ್ಯಾನರ್ ಒಂದು ಸಲಕ್ಕೆ ಸ್ವಲ್ಪವೇ ತಿರುಗುತ್ತದೆ. ಆದರೂ ಇಡೀ ಕೆಲಸದಲ್ಲಿ ಬುಶ್‌ನ ಆಯಸ್ಸು ನಿಂತಿರುವುದು ಈ ಹತ್ತು ನಿಮಿಷದ ಮೇಲೆಯೇ.

ಎರಡೂ ಕಡೆ ಒಟ್ಟಿಗೆ ಬದಲಾಯಿಸಿದೆ, ಮರುದಿನ ಸಿರಸಿ ಪೇಟೆಯಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಅದಾಗಿ ಎರಡು ಮಳೆಗಾಲ ಹೋಯಿತು. ಮೊನ್ನೆ ಮತ್ತೆ ಹಾರೆ ಹಾಕಿ ಮೀಟಿ ನೋಡಿದೆ, ಆರ್ಮ್ ಅಲ್ಲಾಡಲಿಲ್ಲ. ಹಿಂದಿನ ಚಕ್ರದ ಕಡೆ ಒಂದು ಬುಶ್ ಸಣ್ಣಗೆ ಬಿರುಕು ಬಿಟ್ಟಿದೆ. ಅಡಿಕೆ ಕೊಯ್ಲು ಮುಗಿದ ಮೇಲೆ ಅದಕ್ಕೆ ಕೈ ಹಾಕಬೇಕು. ಮತ್ತಿ ಹಲಗೆಗಳನ್ನು ಕೊಟ್ಟಿಗೆಯಲ್ಲೇ ಎತ್ತಿಟ್ಟಿದ್ದೇನೆ.